ಯಂತ್ರ ಬಿಡಿಸಿದ ಮದುವೆ ಕಾರು

ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕಾಣದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ. ಘಟನೆ ನಡೆದಾಗ ನಾನು ಚಾಲಕನ ಸೀಟಿನಲ್ಲಿದ್ದೆ. ನನಗೆ ಪೂರ್ತಿ ಎಚ್ಚರವಿತ್ತು. ಮದ್ಯ ಸೇವಿಸಿರಲಿಲ್ಲ. ಸೇವಿಸಿದ್ದರೆ ಈಗ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು!

ನಾನು ವಾಹನ ವಿಮೆಯ ಸರ್ವೇಯರ್. ಡಿಕ್ಕಿ ಹೊಡೆದ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಎಲ್ಲಿ ತಗ್ಗಾಗಿದೆ, ಎಲ್ಲಿ ಒಡೆದಿದೆ, ಯಾವುದು ಹೊಸ ಗಾಯ, ಯಾವುದು ಹಳೆಯದು ಎಂದು ಬರೆಯುವುದು ನನ್ನ ಕೆಲಸ. ಉಡುಪಿಯ ಸುತ್ತಮುತ್ತ ನಾನು ನೋಡದ ಕಾರಿಲ್ಲ. ನೋಡಿದ್ದೆಲ್ಲ ಒಡೆದ ಮೇಲೆ ಎನ್ನುವುದು ಬೇರೆ ಮಾತು. ಆದ್ದರಿಂದ ಕಾರಿನ ವಿನ್ಯಾಸದ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಈ ಜಿಲ್ಲೆಯಲ್ಲಿಲ್ಲ ಎಂಬುದು ಆ ದಿನದ ಬೆಳಗಿನವರೆಗೆ ನನ್ನ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಒಬ್ಬಳೇ ಎದುರಾಳಿ. ನನ್ನ ಅಕ್ಕನ ಮಗಳು ಪ್ರಜ್ಞಾ. ಮಣಿಪಾಲದಲ್ಲಿ ಓದಿ, ಈಗ ಪುಣೆಯ ಒಂದು ಕಾರು ಕಂಪೆನಿಯಲ್ಲಿ ವಿನ್ಯಾಸಗಾರ್ತಿ. ಇಡೀ ಕಾರನ್ನು ಬಿಡಿಸುತ್ತಾಳೆ ಎಂದು ನಾನು ಬಹಳ ಕಾಲ ಎಲ್ಲರಲ್ಲೂ ಹೇಳಿಕೊಂಡು ಬಂದಿದ್ದೆ. ಆಮೇಲೆ ಗೊತ್ತಾಯಿತು, ಅವಳು ಬಿಡಿಸುವುದು ಕಾರಿನ ಹಿಂದಿನ ದೀಪ ಮಾತ್ರ. ನಾನು ಅತಿ ಹೆಚ್ಚು ಪರಿಶೀಲಿಸಿರುವ ಭಾಗವೂ ಅದೇ. ಅವಳು ಮಾಡುವುದು, ಜನ ಒಡೆಯುವುದು, ನಾನು ಬರೆಯುವುದು. ಒಂದು ರೀತಿಯಲ್ಲಿ ಇದು ನಮ್ಮ ಕುಟುಂಬದ ಕಸುಬು.

ಪ್ರಜ್ಞಾಳ ಮದುವೆ ಕಾರ್ಕಳದ ಹುಡುಗನ ಜೊತೆ ನಿಶ್ಚಯವಾಯಿತು. ಹುಡುಗ ಹಲ್ಲಿನ ಡಾಕ್ಟರ. ಕಾರ್ಕಳದಲ್ಲೇ ಹಾಲ್. ಮಧ್ಯಾಹ್ನದ ಅಭಿಜಿನ್ ಮುಹೂರ್ತ. ಅದು ತಪ್ಪಿದರೆ ಆ ದಿನ ಬೇರೆ ಮುಹೂರ್ತವಿಲ್ಲ. ನಮ್ಮಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅವಳಿಗಿರುವ ಒಬ್ಬನೇ ಸೋದರಮಾವ ನಾನು. ಕಾಪುವಿನ ಮನೆಯಿಂದ ಕಾರ್ಕಳದ ಹಾಲಿಗೆ ನನ್ನ ಕಾರಿನಲ್ಲಿ, ನಾನೇ ಓಡಿಸಿಕೊಂಡು, ಹೊತ್ತಿಗೆ ಸರಿಯಾಗಿ ಅವಳನ್ನು ತಲುಪಿಸಬೇಕು. ಇಷ್ಟೇ ಕೆಲಸ. ಒಬ್ಬ ಸಾಧಾರಣ ಮನುಷ್ಯ ಇದನ್ನು ಸುಲಭವಾಗಿ ಮಾಡಿ ಮುಗಿಸುತ್ತಿದ್ದ. ನಾನು ವಿನ್ಯಾಸ ಬಲ್ಲವನು!

ಅಕ್ಕನ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾತು ಬಂತು. ಬಂಗುಡೆ ಮೀನಿನ ಪುಳಿಮುಂಚಿ ಬಡಿಸುತ್ತಾ ಅಕ್ಕ, “ದಿವಾಕರ, ಕಾರಿಗೆ ಹೂ ಕಟ್ಟಿಸ್ಲಿಕ್ಕೆ ಯಾರಿಗಾದ್ರೂ ಹೇಳಿದ್ದೀಯಾ?” ಎಂದು ಕೇಳಿದಳು.

“ಎಂತ ಹೂ ಅಕ್ಕ! ಅದೇ ಎರಡು ರಿಬ್ಬನ್, ಬಾನೆಟ್ಟಿನ ಮೇಲೆ ಅದೇ ಒಂದು ಹೂಗುಚ್ಛ. ಎಲ್ಲ ಮದುವೆ ಕಾರು ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ನಾನು ಎಐಯಲ್ಲಿ ಡಿಸೈನ್ ಮಾಡಿಸ್ತೇನೆ.”

ಪ್ರಜ್ಞಾ ಅನ್ನ ಕಲಸುವುದನ್ನು ನಿಲ್ಲಿಸಿದಳು. “ಮಾಮ, ಬೇಡ.”

“ಯಾಕೆ ಬೇಡ? ನಿಮ್ಮ ಆಫೀಸಿನಲ್ಲಿಯೂ ಅದೇ ಉಂಟಂತಲ್ಲ?”

“ಉಂಟು. ಚಹಾ ತಣಿಯುವುದರೊಳಗೆ ನೂರು ಚಿತ್ರ ಕೊಡ್ತದೆ.”

“ಹಾಗಾದ್ರೆ ನಿನಗೆ ಸಂಬಳ ಯಾಕೆ ಮಾರಾಯ್ತಿ?”

“ಆ ನೂರರಲ್ಲಿ ತೊಂಬತ್ತೊಂಬತ್ತು ಬೇಡ ಅಂತ ಹೇಳ್ಲಿಕ್ಕೆ.”

“ಮತ್ತೆ ಉಳಿದ ಒಂದು?”

“ಅದನ್ನೂ ಬೇಡ ಅಂತ ಹೇಳಿ, ಪೆನ್ಸಿಲ್ ತೆಗೆದು ನಾವೇ ಬಿಡಿಸುವುದು.” ಅವಳು ನಕ್ಕಳು. “ಅದು ಕಂಡದ್ದನ್ನೆಲ್ಲ ಕಲಸಿ ಕೊಡ್ತದೆ ಮಾಮ. ಚೆಂದವೇ ಇರ್ತದೆ. ಆದ್ರೆ ಅದು ಯಾರ ಕಾರು, ಎಲ್ಲಿಗೆ ಹೋಗ್ತದೆ, ಅಂತೆಲ್ಲ ಅದಕ್ಕೆ ಗೊತ್ತಿಲ್ಲ. ಬೇಕಾದ್ರೆ ನಾನೇ ಒಂದು ಬಿಡಿಸಿ ಕೊಡ್ತೇನೆ.”

“ಮದುಮಗಳು ತನ್ನ ಕಾರನ್ನು ತಾನೇ ಬಿಡಿಸಿದ್ದನ್ನು ಎಲ್ಲಿಯಾದ್ರೂ ಕೇಳಿದ್ದೀಯಾ? ಸುಮ್ಮನೆ ಕೂತ್ಕೋ. ಇದು ಸೋದರಮಾವನ ಅಧಿಕಾರ!”

ಅಧಿಕಾರವನ್ನು ನಾನು ಮರುದಿನವೇ ಚಲಾಯಿಸಲು ತೊಡಗಿದೆ. ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಫೋನು ಹಿಡಿದು ಕುಳಿತೆ. ನನ್ನ ಹೆಂಡತಿ ಸುಮತಿ ಪಕ್ಕದಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದಳು.

“ಎಂತ ಮಾಡ್ತಿದ್ದೀರಿ?”

“ಕೃತಕ ಬುದ್ಧಿಮತ್ತೆ ಬಳಸ್ತಿದ್ದೇನೆ.”

“ಒಳ್ಳೆಯದಾಯ್ತು. ಸ್ವಂತದ್ದು ನಿಮ್ಮಲ್ಲಿ ಬಳಸದೆ ಹೊಸತೇ ಉಂಟಲ್ಲ!”

ಇಂಥ ಮಾತುಗಳಿಗೆ ವಿಜ್ಞಾನ ಎಂದೂ ಕಿವಿಗೊಟ್ಟಿಲ್ಲ. ‘ಮದುವೆಗೆ ಸುಂದರವಾದ ಕಾರು’ ಎಂದು ಬರೆದೆ. ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಬಂತು. ಅದನ್ನು ಸರ್ವೇಯರನ ಕಣ್ಣಿನಿಂದ ಪರಿಶೀಲಿಸಿದೆ. ಎಡಬದಿಯಲ್ಲಿ ಮೂರು ಚಕ್ರ. ಬಾಗಿಲಿಗೆ ಹಿಡಿಕೆಯಿಲ್ಲ. ಹಿಂದಿನ ಗಾಜಿನಿಂದ ಒಂದು ಹಂಸ ಹೊರಗೆ ಬರುತ್ತಿತ್ತು. ‘ಭಾರತೀಯ ಸಂಸ್ಕೃತಿ ಬೇಕು’ ಎಂದೆ. ಕಾರಿನ ಮೇಲೆ ಕೋಟೆ ಬಂತು, ಕೋಟೆಯ ಪಕ್ಕ ಒಂಟೆ ಬಂತು. ‘ಕರಾವಳಿ’ ಎಂದೆ. ಚಕ್ರ ಜೋಡಿಸಿದ ದೋಣಿ ಬಂತು, ಅದರ ತುಂಬ ಬಲೆ.

ಸುಮತಿ ಇಣುಕಿ ನೋಡಿದಳು. “ಇದು ಹುಡುಗಿಯನ್ನು ತರ್ಲಿಕ್ಕಾ, ಮೀನು ತರ್ಲಿಕ್ಕಾ?”

ಆಗ ನನಗೆ ಅರ್ಥವಾಯಿತು. ಯಂತ್ರಕ್ಕೆ ವಿವರ ಸಾಕಾಗುತ್ತಿಲ್ಲ. ನಾನು ವರದಿ ಬರೆಯುವ ಕ್ರಮದಲ್ಲೇ ಒಂದೊಂದಾಗಿ ಬರೆದೆ: ಉಡುಪಿಯ ಕಡೆಯ ವಾಹನ, ಮೆರವಣಿಗೆಯ ಸಂಭ್ರಮ, ತೆಂಗಿನ ಗರಿ, ಹೊಂಬಾಳೆ, ಬಾಳೆಗೊನೆ, ಭಕ್ತಿ, ಸಮೃದ್ಧಿ, ಇದುವರೆಗೆ ಯಾರೂ ನೋಡಿರದ ಹೊಸ ವಿನ್ಯಾಸ.

ಈ ಬಾರಿ ಬಂದ ಚಿತ್ರ ನೋಡಿ ನನ್ನ ಮೈ ಜುಮ್ಮೆಂದಿತು. ಬಾನೆಟ್ಟಿನ ಮೇಲೆ ಹೊಂಬಾಳೆಯ ಪೊದೆ. ಎರಡೂ ಬದಿಗೆ ಎಳೆಯ ಗರಿಯ ಜಾಲರಿ. ಮಾಡಿನ ಮೇಲೆ ಗರಿಯ ಕಮಾನು, ಅದರ ತುದಿಗೆ ಕೇಸರಿ ಬಾವುಟ. ಹಿಂಬದಿಯಲ್ಲಿ ಎರಡು ಬಾಳೆಗೊನೆ. ಮುಂದಿನ ಗಾಜಿನ ಕೆಳಗೆ ಹಸಿರು ಬಣ್ಣದ ಉರುಟು ಉರುಟು ವಸ್ತುಗಳ ಮಾಲೆ. ಬಹಳ ಹೊತ್ತು ನೋಡಿದ ಮೇಲೆ ಅದು ಮಟ್ಟುಗುಳ್ಳ ಎಂದು ಗುರುತಿಸಿದೆ. ನಮ್ಮ ಮಟ್ಟುವಿನ ಬದನೆ ಯಂತ್ರಕ್ಕೂ ಗೊತ್ತು! ನನ್ನ ಕಣ್ಣಂಚು ಒದ್ದೆಯಾಯಿತು.

ಚಿತ್ರವನ್ನು ಪ್ರಜ್ಞಾಳಿಗೆ ಕಳುಹಿಸಿದೆ. ತುಸು ಹೊತ್ತಿನಲ್ಲಿ ಅವಳೇ ಕರೆ ಮಾಡಿದಳು.

“ಮಾಮ, ಇದನ್ನು ಎಲ್ಲಿಯೋ ನೋಡಿದ ಹಾಗೆ ಉಂಟು.”

“ಸಾಧ್ಯವೇ ಇಲ್ಲ. ಈಗಷ್ಟೇ ಹುಟ್ಟಿದ್ದು.”

“ಎಲ್ಲಿ ಅಂತ ನೆನಪಾಗುದಿಲ್ಲ. ಆದ್ರೆ ನೋಡಿದ್ದೇನೆ.”

“ಮದುವೆ ಹತ್ತಿರ ಬಂದಾಗ ಹಾಗೆಲ್ಲ ಆಗ್ತದೆ ಮಗಾ” ಎಂದು ಸಮಾಧಾನ ಹೇಳಿ ಫೋನಿಟ್ಟೆ.

ಮದುವೆಯ ಹಿಂದಿನ ದಿನ ಉಡುಪಿಯ ಡೆಕೋರೇಟರ್ ಫೆಲಿಕ್ಸನ ಅಂಗಡಿಗೆ ಹೋಗಿ ಚಿತ್ರ ತೋರಿಸಿದೆ. ಫೆಲಿಕ್ಸ್ ನನಗೆ ಹಳೆಯ ಪರಿಚಯ. ಅವನು ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ.

“ಸರ್, ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಇದು ಮದುವೆಗೇ ಅಲ್ವಾ?”

“ಅದರಲ್ಲಿ ಎಂತ ಸಂಶಯ?”

“ಸಂಶಯ ಎಂತ ಇಲ್ಲ. ಗುಳ್ಳ ಹೂವಿನ ಮಾರ್ಕೆಟಿನಲ್ಲಿ ಸಿಗುದಿಲ್ಲ, ಅದಕ್ಕೆ ಕೇಳಿದ್ದು.”

“ತರಕಾರಿ ಮಾರ್ಕೆಟಿನಿಂದ ತರಿಸು. ಚಿತ್ರದಲ್ಲಿ ಇದ್ದ ಹಾಗೆಯೇ ಆಗ್ಬೇಕು. ಒಂದು ಎಲೆ ಆಚೆ ಈಚೆ ಆಗ್ಬಾರದು.”

ಒಂದು ಎಲೆಯೂ ಆಚೀಚೆ ಆಗಲಿಲ್ಲ. ಅದೇ ತೊಂದರೆಯಾದದ್ದು.

ಮದುವೆಯ ದಿನ ಬೆಳಿಗ್ಗೆ ಕಾರು ಅಕ್ಕನ ಮನೆಯಂಗಳದಲ್ಲಿ ನಿಂತಾಗ ನೆರೆಕರೆಯವರೆಲ್ಲ ಬಂದು ನೋಡಿದರು. ಯಾರೂ ಏನೂ ಹೇಳಲಿಲ್ಲ. ಅದ್ಭುತವನ್ನು ಕಂಡಾಗ ಜನ ಮೂಕರಾಗುವುದುಂಟು. ಅಕ್ಕ, ಭಾವ, ನೆಂಟರೆಲ್ಲ ಮೊದಲೇ ಬಸ್ಸಿನಲ್ಲಿ ಹೊರಟರು. ಹೋಗುವಾಗ ಅಕ್ಕ ಕಾರನ್ನು ನೋಡಿ ಬಾಯಿ ತೆರೆದಳು, ಮುಚ್ಚಿದಳು, “ತಡ ಮಾಡ್ಬೇಡ ತಮ್ಮಾ” ಎಂದಷ್ಟೇ ಹೇಳಿದಳು.

ಪ್ರಜ್ಞಾ ಕೆಂಪು ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಕೈತುಂಬ ಮೆಹಂದಿಯಲ್ಲಿ ಹೊರಬಂದಳು. ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು, ಥೇಟ್ ನನ್ನ ಹಾಗೆಯೇ.

“ಮಾಮ, ಟೈಲ್ ಲ್ಯಾಂಪ್ ಎಲ್ಲಿ?”

“ಬಾಳೆಗೊನೆಯ ಹಿಂದೆ ಉಂಟು.”

“ಬ್ರೇಕ್ ಹಾಕಿದ್ರೆ ಹಿಂದಿನವರಿಗೆ ಹೇಗೆ ಗೊತ್ತಾಗುದು?”

“ಬಾಳೆಗೊನೆ ಮುಂದಕ್ಕೆ ತೂಗ್ತದೆ. ನೋಡಿ ತಿಳ್ಕೊಳ್ಳಲಿ!”

ಅವಳು ಸುಮತಿಯ ಕಡೆ ನೋಡಿದಳು. ಸುಮತಿ, “ಕೂತ್ಕೋ ಮಗಾ. ನಾನು ಇವರ ಜೊತೆ ಇಷ್ಟು ವರ್ಷ ಕೂತಿಲ್ವಾ?” ಎಂದು ಅವಳನ್ನು ಹಿಂದಿನ ಸೀಟಿಗೆ ಹತ್ತಿಸಿ ತಾನೂ ಹತ್ತಿದಳು.

ಕಾಪುವಿನಿಂದ ಶಿರ್ವದ ದಾರಿ ಹಿಡಿದೆವು. ಮುಂದಿನ ಗಾಜಿನಲ್ಲಿ ಹೊಂಬಾಳೆಯ ಎಡೆಯಿಂದ ರಸ್ತೆಯ ಅರ್ಧಭಾಗ ನನಗೆ ಕಾಣುತ್ತಿತ್ತು. ದಾರಿಬದಿಯಲ್ಲಿ ಜನ ನಿಂತು ನೋಡುತ್ತಿದ್ದರು. ಒಬ್ಬ ಹಿರಿಯರು ಚಪ್ಪಲಿ ಕಳಚಿ ಕೈಮುಗಿದರು. ಮತ್ತೊಂದು ಕಡೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಮಕ್ಕಳಿಗೂ ಕೈಮುಗಿಸಿದರು.

“ನೋಡಿದಿಯಾ ಪ್ರಜ್ಞಾ? ಕಲೆಗೆ ಬೆಲೆ ಕೊಡುವ ಜನ!”

ಪ್ರಜ್ಞಾ ಹಿಂದಿನ ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿ ಕುಳಿತಳು.

ಶಿರ್ವ ದಾಟಿ ಬೆಳ್ಮಣ್ಣಿನ ಕಡೆಗೆ ಸ್ವಲ್ಪ ದೂರ ಹೋಗಿದ್ದೆವು. ತಿರುವಿನಲ್ಲಿ ಕೇಸರಿ ಶಾಲು ಹಾಕಿದ ಒಬ್ಬ ಯುವಕ ಸೀಟಿ ಊದುತ್ತಾ ಎದುರಿನ ವಾಹನಗಳನ್ನೆಲ್ಲ ನಿಲ್ಲಿಸಿದ. ನನ್ನ ಕಾರನ್ನು ಕಂಡದ್ದೇ ಅವನ ಮುಖ ಅರಳಿತು. ಎರಡೂ ಕೈಯಿಂದ ಎಡದ ರಸ್ತೆಗೆ ಕರೆದ.

“ಬನ್ನಿ ಬನ್ನಿ ಬನ್ನಿ! ಎಲ್ಲಿಂದ, ಕಾಪುವಿನಿಂದಲಾ?”

“ಹೌದು, ಕಾಪುವಿನಿಂದಲೇ!”

“ತಡ ಮಾಡಿದ್ರಲ್ಲ ಮಾರಾಯ್ರೆ, ನಿಮ್ಮನ್ನೇ ಕಾಯುದು!”

ಇಲ್ಲಿ ಓದುಗರು ನನ್ನ ಸ್ಥಿತಿಯನ್ನು ಗಮನಿಸಬೇಕು. ಮದುವೆಯ ದಿನ, ಗುರುತಿಲ್ಲದ ಒಬ್ಬ ಸಂಚಾರ ನಿಲ್ಲಿಸಿ, ಕಾಪುವಿನಿಂದ ಬರುವ ನಮಗಾಗಿ ಕಾಯುತ್ತಿದ್ದೇನೆ ಎನ್ನುತ್ತಾನೆ. ಹುಡುಗನ ಕಡೆಯವರು ಎಷ್ಟು ಚೆಂದದ ವ್ಯವಸ್ಥೆ ಮಾಡಿದ್ದಾರೆ ಎಂದು ಯಾರಿಗಾದರೂ ಅನಿಸುವುದಿಲ್ಲವೇ? ನನಗೆ ಅನಿಸಿತು. ಎಡಕ್ಕೆ ತಿರುಗಿಸಿದೆ.

ತಿರುಗಿಸಿದ ಕೂಡಲೇ ಮುಂದೆ ಒಂದು ಪಿಕಪ್ ಕಂಡಿತು. ಅದರ ತುಂಬ ಕುಂಬಳಕಾಯಿ. ಅದಕ್ಕೂ ಮುಂದೆ ಅಕ್ಕಿಮೂಟೆಯ ಟೆಂಪೊ, ತೆಂಗಿನಕಾಯಿಯ ಜೀಪು, ಇನ್ನೂ ಮುಂದೆ ಕಣ್ಣು ಹಾಯುವಷ್ಟು ದೂರ ವಾಹನಗಳು. ಎಲ್ಲಕ್ಕೂ ಬಾನೆಟ್ಟಿನ ಮೇಲೆ ಹೊಂಬಾಳೆ. ಎಲ್ಲಕ್ಕೂ ಎರಡೂ ಬದಿಗೆ ಎಳೆಯ ಗರಿಯ ಜಾಲರಿ. ಎಲ್ಲಕ್ಕೂ ಮಾಡಿನ ಮೇಲೆ ಕಮಾನು, ತುದಿಗೆ ಕೇಸರಿ ಬಾವುಟ. ಇದುವರೆಗೆ ಯಾರೂ ನೋಡಿರದ ನನ್ನ ಹೊಸ ವಿನ್ಯಾಸ ರಸ್ತೆಯುದ್ದಕ್ಕೂ ಸಾಲಾಗಿ ನಿಂತಿತ್ತು!

“ಈಗ ನೆನಪಾಯ್ತು ಮಾಮ” ಎಂದಳು ಪ್ರಜ್ಞಾ, ಬಹಳ ಮೆಲ್ಲನೆ. “ಇದು ಹೊರೆಕಾಣಿಕೆ.”

ನಮ್ಮ ಕಡೆ ದೇವಸ್ಥಾನದಲ್ಲಿ ಬ್ರಹ್ಮಕಲಶ, ಜಾತ್ರೆಯಂಥ ಉತ್ಸವವಾದರೆ ಊರೂರಿನ ಭಕ್ತರು ಅಕ್ಕಿ, ಕಾಯಿ, ತರಕಾರಿಗಳನ್ನು ವಾಹನಗಳಲ್ಲಿ ತುಂಬಿ, ವಾಹನವನ್ನು ಸಿಂಗರಿಸಿ, ಮೆರವಣಿಗೆಯಲ್ಲಿ ತಂದು ಒಪ್ಪಿಸುತ್ತಾರೆ. ಆ ದಾರಿಯ ದೇವಸ್ಥಾನವೊಂದಕ್ಕೆ ಅಂದು ಹೊರೆಕಾಣಿಕೆ. ನಾನು ಅದರೊಳಗೆ ಇದ್ದೆ. ಮದುಮಗಳನ್ನು ಹಾಕಿಕೊಂಡು ಇದ್ದೆ!

ಹಿಂದಕ್ಕೆ ಹೋಗೋಣವೆಂದರೆ, ನನ್ನ ಬಾಳೆಗೊನೆಗೆ ತಾಗಿಕೊಂಡು ಚೆಂಡೆಯವರು ಬಂದು ನಿಂತಾಗಿತ್ತು. ಎಡಕ್ಕೆ ಗದ್ದೆ, ಬಲಕ್ಕೆ ಭಜನೆಯವರು. ಅಭಿಜಿನ್ ಮುಹೂರ್ತ ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿತ್ತು. ನಾವೂ ಒಂದೊಂದೇ ಹೆಜ್ಜೆ ಹೋಗುತ್ತಿದ್ದೆವು, ಬೇರೆ ದಿಕ್ಕಿಗೆ.

ಹಿಂದಿನ ಕಿಟಕಿಯ ಹತ್ತಿರ ಒಬ್ಬರು ಅಜ್ಜಿ ಬಂದರು. ಗಾಜು ಇಳಿಸಿದೆ, ದಾರಿ ಕೇಳೋಣವೆಂದು. ಅವರು ಒಳಗೆ ಕೈಹಾಕಿ ಪ್ರಜ್ಞಾಳ ಮಡಿಲಲ್ಲಿ ಎರಡು ತೆಂಗಿನಕಾಯಿ ಇಟ್ಟು, “ಇದನ್ನೂ ಮುಟ್ಟಿಸಿಬಿಡು ಮಗಾ” ಎಂದರು. ಅಜ್ಜಿ ಇಟ್ಟದ್ದನ್ನು ಕಂಡು ಉಳಿದವರಿಗೂ ಧೈರ್ಯ ಬಂತು. ಸೌತೆಕಾಯಿ ಬಂತು. ಬೆಲ್ಲ ಬಂತು. ಒಬ್ಬರು ಒಂದು ಇಡೀ ಸುವರ್ಣಗೆಡ್ಡೆ ಕೊಟ್ಟರು, ಮಣ್ಣು ಸಮೇತ. ಸುಮತಿ ಅದನ್ನು ತನ್ನ ಹೊಸ ಸೀರೆಗೆ ತಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಳು.

“ಇವರೆ.”

“ಎಂತ?”

“ಏನಿಲ್ಲ. ಮನೆಗೆ ಹೋದ ಮೇಲೆ ಹೇಳ್ತೇನೆ.”

ಅಷ್ಟರಲ್ಲಿ ಮುಂದಿನ ಜೀಪಿನಿಂದ ಮೈಕಿನ ದನಿ ಕೇಳಿತು. “ಭಕ್ತಾದಿಗಳೇ, ಇದೀಗ ಬರುತ್ತಿರುವುದು ಕಾಪು ವಲಯದ ವಿಶೇಷ ವಾಹನ! ವಾಹನದ ಒಳಗಡೆ, ಮದುಮಗಳ ಅಲಂಕಾರದಲ್ಲಿ ಶ್ರೀದೇವಿಯ ಸ್ತಬ್ಧಚಿತ್ರ!”

ಜನ ಕಾರಿಗೆ ಮುತ್ತಿಕೊಂಡರು. ಎಲ್ಲ ಕಿಟಕಿಯಲ್ಲೂ ಫೋನು. ಪ್ರಜ್ಞಾ ತೆಂಗಿನಕಾಯಿ ಅಪ್ಪಿಕೊಂಡು, ನೇರ ಮುಂದೆ ನೋಡುತ್ತಾ, ಕಲ್ಲಿನ ಹಾಗೆ ಕುಳಿತಿದ್ದಳು.

“ಕಣ್ಣು ಕೂಡ ಮಿಟುಕಿಸುದಿಲ್ಲ ನೋಡು! ಎಷ್ಟು ಪ್ರಾಕ್ಟೀಸ್ ಮಾಡಿರ್ಬೇಕು!” ಎಂದು ಒಬ್ಬಾಕೆ ಮೆಚ್ಚಿದಳು.

“ಪಕ್ಕದಲ್ಲಿ ಸುವರ್ಣಗೆಡ್ಡೆ ಹಿಡಿದವರು ಯಾರು?”

“ಅವರು ಭೂಮಿತಾಯಿ ಇರ್ಬೇಕು.”

ಸುಮತಿ ಆ ದಿನದಲ್ಲಿ ಮೊದಲ ಸಲ ನಕ್ಕದ್ದು ಆಗ. ನನ್ನ ಫೋನು ಹೊಡೆದುಕೊಂಡಿತು. ಅಕ್ಕ!

“ದಿವಾಕರ, ಎಲ್ಲಿದ್ದೀ? ಹುಡುಗ ಬಂದಾಯ್ತು!”

“ಮೆರವಣಿಗೆಯಲ್ಲಿದ್ದೇನೆ ಅಕ್ಕ.”

“ಮೆರವಣಿಗೆಯಾ? ನಾವು ಮೆರವಣಿಗೆ ಇಟ್ಟೇ ಇಲ್ವಲ್ಲ!”

“ಬೇರೆಯವರು ಇಟ್ಟಿದ್ದಾರೆ.”

“ಚೆಂಡೆ ಕೇಳ್ತಾ ಉಂಟು. ಹಾಲಿನ ಹತ್ತಿರ ಬಂದ್ರಾ?”

“ದೇವರ ಹತ್ತಿರ ಬಂದಿದ್ದೇವೆ” ಎಂದೆ. ಇಲ್ಲದ್ದನ್ನು ನಾನು ಹೇಳುವುದಿಲ್ಲ. ಅಕ್ಕ ಏನೋ ಕಿರುಚಿದಳು, ಚೆಂಡೆಯ ಸದ್ದಿನಲ್ಲಿ ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು.

ನಾನು ಕಾರಿನಿಂದಿಳಿದು ಶಾಲಿನ ಯುವಕನನ್ನು ಹಿಡಿದೆ. ಅವನ ಹೆಸರು ಸಂತೋಷ ಎಂದು ಗೊತ್ತಾಯಿತು, ಏಕೆಂದರೆ ಎಲ್ಲ ದಿಕ್ಕಿನಿಂದಲೂ ಜನ ಅವನನ್ನೇ ಕೂಗುತ್ತಿದ್ದರು.

“ಸಂತೋಷಣ್ಣ, ಇದು ಹೊರೆಕಾಣಿಕೆ ಅಲ್ಲ. ಮದುವೆ ಕಾರು. ನಮಗೆ ಕಾರ್ಕಳದಲ್ಲಿ ಮುಹೂರ್ತ ಉಂಟು.”

ಸಂತೋಷ ಕಾರನ್ನು ಮೇಲಿನಿಂದ ಕೆಳಗೆ ನೋಡಿದ. “ತಮಾಷೆ ಮಾಡ್ಬೇಡಿ ಸರ್. ಗುಳ್ಳ ಕಟ್ಟಿಕೊಂಡು ಮದುವೆಗೆ ಹೋಗುವವರು ಯಾರು?”

“ಅದು ಡಿಸೈನ್! ಎಐ ಮಾಡಿದ್ದು. ನೋಡಿ ಬೇಕಾದ್ರೆ” ಎಂದು ಫೋನು ತೆಗೆದು ಚಿತ್ರ ತೋರಿಸಿದೆ.

ಅವನು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ಅತ್ತಿತ್ತ ಸರಿಸಿ, ಬಹಳ ಹೊತ್ತು ಹುಡುಕಿದ.

“ಏನು ಹುಡುಕ್ತಿದ್ದೀರಿ?”

“ಅಲ್ಲ ಸರ್, ಇದು ನಮ್ಮದೇ ಹೋದ ಸಲದ ಹೊರೆಕಾಣಿಕೆಯ ಫೋಟೋದ ಹಾಗೆ ಉಂಟು. ನಾನು ಎಲ್ಲಿಯಾದ್ರೂ ನಿಂತಿದ್ದೇನಾ ನೋಡಿದ್ದು.”

ಅಲ್ಲಿಗೆ ವಿನ್ಯಾಸದ ಬಗ್ಗೆ ನನ್ನ ವಾದ ಮುಗಿಯಿತು. ಆದರೆ ಸಂತೋಷ ಒಳ್ಳೆಯ ಹುಡುಗ. ಕಿಟಕಿಯಲ್ಲಿ ಇಣುಕಿ, “ಅಕ್ಕ, ನೀವು ನಿಜವಾದ ಮದುಮಗಳಾ?” ಎಂದು ಕೇಳಿದ.

ದೇವಿಯ ಸ್ತಬ್ಧಚಿತ್ರ ಬಾಯಿಬಿಟ್ಟಿತು. “ಹೌದು ಅಣ್ಣ. ಒಮ್ಮೆ ಇಲ್ಲಿಂದ ಬಿಡಿಸಿ, ಪುಣ್ಯ ಬರ್ತದೆ.”

ಅವನು ತಲೆಗೆ ಕೈಯಿಟ್ಟುಕೊಂಡ. ಹಿಂದೆ ಹೋಗಲು ದಾರಿಯಿಲ್ಲ. ದೇವಸ್ಥಾನದ ಅಂಗಳಕ್ಕೆ ಹೋಗಿ, ಉಗ್ರಾಣದ ಎದುರು ಹೊರೆ ಇಳಿಸಿದ ವಾಹನಕ್ಕೆ ಮಾತ್ರ ಹಿಂದಿನ ಗೇಟಿನಿಂದ ಬಿಡುಗಡೆ. “ನಿಮ್ಮದನ್ನು ಮೊದಲು ಇಳಿಸುವಾ” ಎಂದವನೇ ಸೀಟಿ ಊದುತ್ತಾ ಮುಂದೆ ಓಡಿದ. ಕುಂಬಳಕಾಯಿ ಬದಿಗೆ ಸರಿಯಿತು, ಅಕ್ಕಿ ಬದಿಗೆ ಸರಿಯಿತು, ನಾವು ಅಂಗಳ ತಲುಪಿದೆವು.

ಮುಂದೆ ನಡೆದದ್ದನ್ನು ನಾನು ಸಾಕ್ಷಿಯಾಗಿ ನಿಂತು ನೋಡಿದ್ದೇನೆ. ಸ್ವಯಂಸೇವಕರ ಗುಂಪೊಂದು ಕಾರಿನ ಮೇಲೆ ಬಿತ್ತು. ಬಾಳೆಗೊನೆ ಹೋಯಿತು. ಗುಳ್ಳದ ಮಾಲೆ ಹೋಯಿತು. ಅಜ್ಜಿಯ ತೆಂಗಿನಕಾಯಿಯೂ ಹೋಯಿತು. ಹೊಂಬಾಳೆ, ಗರಿ, ಕಮಾನು, ಬಾವುಟ ಎಲ್ಲವೂ ಕೈಯಿಂದ ಕೈಗೆ ದಾಟಿ ಉಗ್ರಾಣದ ಒಳಗೆ ಹೋದವು. ಉತ್ಸಾಹದಲ್ಲಿ ಡಿಕ್ಕಿ ತೆರೆದು, ಪ್ರಜ್ಞಾಳ ಸೀರೆಯ ಪೆಟ್ಟಿಗೆಯನ್ನೂ ಹೆಗಲಿಗೇರಿಸಿದರು.

“ಅದು ದೇವರಿಗಲ್ಲ! ಅದು ಹುಡುಗಿಯದ್ದು!” ಎಂದು ಸುಮತಿ ಸುವರ್ಣಗೆಡ್ಡೆಯೊಂದಿಗೆ ಹಿಂದೆ ಓಡಿದಳು. ಪೆಟ್ಟಿಗೆಯೊಂದಿಗೆ ಮರಳಿದಳು. ಗೆಡ್ಡೆ ಒಳಗೆ ಉಳಿಯಿತು. ನ್ಯಾಯವಾದ ವಿನಿಮಯ.

ಕಾರು ಈಗ ಬರಿಮೈಯಲ್ಲಿ ನಿಂತಿತ್ತು. ಕಡುನೀಲಿ ಬಣ್ಣದ ಮೇಲೆ ಟೇಪಿನ ಅಂಟು, ಹಗ್ಗ ಉಜ್ಜಿದ ಗುರುತು. ಹಿಂದಿನ ಎಡ ಬಾಗಿಲಿನಲ್ಲಿ ಒಂದು ತಗ್ಗು. ಅದು ನನ್ನ ಮನೆಯ ಗೇಟಿನ ಕಂಬಕ್ಕೆ ತಾಗಿಸಿ ನಾನೇ ಮಾಡಿಕೊಂಡದ್ದು. ವಿಮೆ ಕೇಳಿರಲಿಲ್ಲ, ಕೇಳಿದರೆ ನೋಡಲು ಬರುವವರು ನನ್ನ ಜೊತೆಗಾರರೇ! ಗರಿಯ ಜಾಲರಿಯಲ್ಲಿ ಅದು ಅಡಗಿಹೋಗಿತ್ತು. ಈಗ ಊರಿಗೇ ಕಾಣುತ್ತಿತ್ತು.

“ಹೀಗೆಯೇ ಹೋಗುವಾ” ಎಂದೆ. ಸೋದರಮಾವನೊಬ್ಬ ಮದುಮಗಳನ್ನು ಅಂಟು ಹಿಡಿದ ಕಾರಿನಲ್ಲಿ, ಅದೂ ತಡವಾಗಿ, ಮಂಟಪಕ್ಕೆ ತರುವುದೆಂದರೆ! “ತಪ್ಪಾಯ್ತು ಮಗಾ.”

ಪ್ರಜ್ಞಾ ನನ್ನ ಮಾತು ಕೇಳುತ್ತಿರಲಿಲ್ಲ. ಅವಳು ಕಾರನ್ನು ನೋಡುತ್ತಿದ್ದಳು. ಅಂಗಳದ ಬದಿಯಲ್ಲಿ ನಾಲ್ಕಾರು ಹೆಂಗಸರು ಅಕ್ಕಿಹಿಟ್ಟು ಕಲಸಿ ರಂಗೋಲಿ ಬಿಡಿಸುತ್ತಿದ್ದರು. ಅವರ ಹತ್ತಿರ ಹೋಗಿ, “ಅಕ್ಕ, ಒಂದು ನಿಮಿಷ ಕೊಡ್ತೀರಾ?” ಎಂದು ಹಿಟ್ಟಿನ ಬಟ್ಟಲು ಕೇಳಿ ತಂದಳು. ಸುಮತಿ ಹಿಂದಿನಿಂದ ಅವಳ ಸೆರಗು, ನೆರಿಗೆ ಎಲ್ಲವನ್ನೂ ಗಂಟುಮೂಟೆಯ ಹಾಗೆ ಎತ್ತಿ ಹಿಡಿದುಕೊಂಡಳು.

ಅವಳು ಬಟ್ಟಲಿಗೆ ಬೆರಳು ಅದ್ದಿದಳು. ಮುಂದಿನ ದೀಪದ ಮೂಲೆಯಿಂದ ಒಂದು ಗೆರೆ ಎಳೆಯುತ್ತಾ ನಡೆದಳು. ಗೆರೆ ಬಾನೆಟ್ಟಿನ ಅಂಚು ದಾಟಿತು, ಮುಂದಿನ ಬಾಗಿಲು ದಾಟಿತು. ನಿಲ್ಲಿಸಲಿಲ್ಲ, ಅಳಿಸಲಿಲ್ಲ. ಹಿಂದಿನ ಬಾಗಿಲಿನ ತಗ್ಗು ಬಂದಾಗ ಬೆರಳು ತಾನಾಗಿ ಕೆಳಗೆ ಜಾರಿ, ತಗ್ಗನ್ನು ಬಳಸಿ, ಮೇಲೆದ್ದು, ಹಿಂದಿನ ದೀಪದಲ್ಲಿ ಹೋಗಿ ಕೊನೆಯಾಯಿತು. ತಗ್ಗಿನ ನಡುವೆ ಒಂದು ಬೊಟ್ಟು ಇಟ್ಟಳು. ಹತ್ತಿರದಿಂದ ನೋಡಿದರೆ ಗೆರೆ. ಎರಡು ಹೆಜ್ಜೆ ಹಿಂದೆ ನಿಂತರೆ ಬಾಲ ಚಾಚಿ ಕುಳಿತ ನವಿಲು, ನನ್ನ ಗೇಟಿನ ಕಂಬದ ಗಾಯವೇ ಅದರ ಕತ್ತಿನ ಬಾಗು. ಆ ಬಾಗಿಲಿನಲ್ಲಿ ತಗ್ಗು ಇಲ್ಲದಿದ್ದರೆ ಆ ನವಿಲು ಇರುತ್ತಿರಲಿಲ್ಲ.

ಇನ್ನೊಂದು ಬದಿಗೂ ಅದೇ ವೇಗದಲ್ಲಿ ಎಳೆದಳು. ಆ ಬದಿಯಲ್ಲಿ ತಗ್ಗಿರಲಿಲ್ಲ, ಆದ್ದರಿಂದ ಹಕ್ಕಿ ಅಲ್ಲಿ ಹಾರುತ್ತಿತ್ತು. ರಂಗೋಲಿಯ ಹೆಂಗಸರು ಕೆಲಸ ಬಿಟ್ಟು ಬಂದು ನೋಡಿದರು. ಚೆಂಡೆಯವನೊಬ್ಬ ಕೋಲು ಕಂಕುಳಲ್ಲಿ ಸಿಕ್ಕಿಸಿ ಚಪ್ಪಾಳೆ ತಟ್ಟಿದ.

“ಹೊರಡುವಾ ಮಾಮ” ಎಂದಳು ಪ್ರಜ್ಞಾ, ಬೆರಳನ್ನು ನನ್ನ ಕರವಸ್ತ್ರಕ್ಕೆ ಒರೆಸುತ್ತಾ.

ಸಂತೋಷ ಬೈಕು ಹತ್ತಿ ನಮ್ಮ ಮುಂದೆ ಹೊರಟ. ನಿಟ್ಟೆ ದಾಟಿ ಕಾರ್ಕಳದವರೆಗೆ ಅವನ ಬಾಯಿಯಿಂದ ಸೀಟಿ ಇಳಿಯಲಿಲ್ಲ. ಲಾರಿಗಳು ಸರಿದವು, ಬಸ್ಸುಗಳು ಸರಿದವು. ಖಾಸಗಿ ಬಸ್ಸೊಂದು ದಾರಿ ಬಿಡುವುದನ್ನು ಈ ವೃತ್ತಿಯಲ್ಲಿ ನಾನು ಕಂಡದ್ದು ಅದೇ ಮೊದಲು.

ಹಾಲಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಪುರೋಹಿತರು ಗಡಿಯಾರ ನೋಡಿ ತಲೆಯಾಡಿಸಿದರು. ಮುಹೂರ್ತ ಇನ್ನೂ ಇತ್ತು! ಸ್ವಲ್ಪವೇ ಇತ್ತು, ಆದರೆ ಇತ್ತು. ಅಕ್ಕ ನನಗೆ ಬೈಯಲು ತೆರೆದ ಬಾಯಿ ಕಾರನ್ನು ನೋಡಿ ಹಾಗೆಯೇ ನಿಂತಿತು. ಹುಡುಗನ ತಂದೆಯೂ ಬಂದು ನವಿಲಿನ ಎದುರು ಬಗ್ಗಿ ನಿಂತರು.

“ಅಬ್ಬಾ, ಎಂತ ಚೆಂದ ಮಾರಾಯ್ರೆ! ನೀವು ಎಐಯಲ್ಲಿ ಮಾಡಿಸ್ತೀರಿ ಅಂತ ಕೇಳಿದ್ದೆ. ಇದು ಯಾವ ಎಐ?”

ಕಾರಿನಿಂದ ಇಳಿಯುತ್ತಿದ್ದ ಪ್ರಜ್ಞಾಳೇ ಹೇಳಿದಳು. “ದಿವಾಕರ ಅಂತ ಹೆಸರು, ಹೊಸತು. ಇನ್ನೂ ಕಲಿಯುತ್ತಾ ಉಂಟು.”

ಹುಡುಗನ ತಂದೆ ಆ ಹೆಸರನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡದ್ದನ್ನು ನಾನು ಕಂಡೆ.

ನಾನು ಅವಳ ಕೈ ಹಿಡಿದೆ. ಬೆರಳ ತುದಿಯಲ್ಲಿ ಒಣಗಿದ ಅಕ್ಕಿಹಿಟ್ಟು ಇನ್ನೂ ಅಂಟಿಕೊಂಡಿತ್ತು. ನಾಗಸ್ವರ ಏರಿತು. ತುಂಬಿದ ಸಭೆಯ ನಡುವೆ, ಎದೆ ಉಬ್ಬಿಸಿ, ಅವಳನ್ನು ಮಂಟಪದತ್ತ ನಡೆಸಿದೆ. ಎಲ್ಲರ ಕಣ್ಣೂ ನನ್ನ ಎದೆಯ ಮೇಲೆ. ಇಷ್ಟು ಗೌರವವನ್ನು ನಾನು ನಿರೀಕ್ಷಿಸಿರಲಿಲ್ಲ. 'ಹೆಂಗಸರು ಮದುಮಗಳನ್ನು ನೋಡುವುದು ಬಿಟ್ಟು ನನ್ನನ್ನು ನೋಡುತ್ತಿದ್ದಾರಲ್ಲ' ಎಂದು ನನಗೇ ಸ್ವಲ್ಪ ಸಂಕೋಚವಾಯಿತು. ಮಂಟಪದಲ್ಲಿ ಅವಳನ್ನು ನಿಲ್ಲಿಸಿ, ಧಾರೆಯೆಲ್ಲ ಮುಗಿದ ಮೇಲೆ ಸುಮತಿ ಹತ್ತಿರ ಬಂದು ನನ್ನ ರೇಷ್ಮೆ ಅಂಗಿಯ ಎಡಬದಿಗೆ ಬೆರಳು ತೋರಿಸಿದಳು.

ಅಲ್ಲಿ ಒಂದು ದೊಡ್ಡ ಬ್ಯಾಡ್ಜು. ದೇವಸ್ಥಾನದ ಅಂಗಳದ ಗಡಿಬಿಡಿಯಲ್ಲಿ ಯಾರೋ ಸಿಕ್ಕಿಸಿದ್ದು. ನಾನು ಆಗ ಬೆನ್ನು ತಟ್ಟಲು ಬಂದವರೆಂದು ತಿಳಿದು ನಮಸ್ಕಾರ ಹೇಳಿದ್ದೆ. ಕೇಸರಿ ರಿಬ್ಬನ್ನಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಸ್ವಯಂಸೇವಕ, ತರಕಾರಿ ವಿಭಾಗ.

ಮದುವೆಯ ಎಲ್ಲ ಫೋಟೋಗಳಲ್ಲೂ ಮದುಮಗಳ ಕೈ ಹಿಡಿದಿರುವವನು ತರಕಾರಿ ವಿಭಾಗದವನು.

ಬಿಚ್ಚಲು ಹೊರಟೆ. ಅಷ್ಟರಲ್ಲಿ ಅಡುಗೆಯವರು ಬೆವರು ಒರೆಸುತ್ತಾ ಬಂದು, ನನ್ನ ಎದೆ ಓದಿ, ನೇರವಾಗಿ ಕೇಳಿದರು: “ನೀವೇ ಅಲ್ವಾ? ಎರಡನೇ ಪಂಕ್ತಿಗೆ ಸೌತೆಕಾಯಿ ಕಡಿಮೆ ಬಿದ್ದಿದೆ. ಎಲ್ಲಿಯಾದ್ರೂ ಉಂಟಾ?”

ಒಂದು ಕ್ಷಣ ಯೋಚಿಸಿದೆ. ಕಾರಿನ ಹಿಂದಿನ ಸೀಟಿನ ಅಡಿಗೆ ಉರುಳಿ, ಉಗ್ರಾಣಕ್ಕೆ ಹೋಗದೆ ಉಳಿದ ಮೂರು ಉಂಟು.

ಹೋಗಿ ತಂದುಕೊಟ್ಟೆ.